ನೀರು ಎಲ್ಲಿ ತನಕ ಬಂದಿದೆ

11 ಜೂನ್

ಅಮ್ಮ,

ಫೋನಿನಲ್ಲಿ ನೀನು ಊಟ ಆಯಿತಾ, ಅಜ್ಜಿಯ ಮಂಡಿನೋವು ಹೇಗಿದೆ, ಚೋಟು ಶಾಲೆಗೆ ಹೋದಳಾ ಎಂದು ಕೇಳುತ್ತೀಯ. ನಾನು ಬಾಯಿ ತೆಗೆಯುವಷ್ಟರಲ್ಲಿ ಐಸ್ ಪ್ಲಾಂಟಿನ ಸೈರನ್ ಹೊಡೆಯಿತು ಎಂದು ಇಟ್ಟುಬಿಡುತ್ತೀಯ. ಆ ಸೈರನ್ ಕೆಲವು ಸಲ ನನಗೂ ಕೇಳಿಸುತ್ತದೆ. ಕೆಲವು ಸಲ ಕೇಳಿಸುವುದಿಲ್ಲ. ಅದಕ್ಕೇ ಈ ಕಾಗದ. ಇದನ್ನಾದರೆ ಕೊನೆತನಕ ಓದಲೇಬೇಕು.

ಮೊದಲನೆಯ ಸುದ್ದಿ, ನಾನು ಲಾಂಡ್ರಿ ಕೆಲಸ ಇನ್ನೂ ಬಿಟ್ಟಿಲ್ಲ. ಅಜ್ಜಿಗೆ ಇದು ನಂಬಿಕೆಯಾಗುತ್ತಿಲ್ಲ. ದಿನಾ ಸಂಜೆ ಬಾಗಿಲಲ್ಲೇ ನನ್ನ ಮುಖ ನೋಡಿ, "ಏನು, ಇವತ್ತೂ ಬಿಟ್ಟು ಬಂದಿಲ್ವಾ?" ಎನ್ನುತ್ತಾಳೆ.

ಬಿಡಬೇಕಾಗಿತ್ತು, ಹೋದ ತಿಂಗಳು. ಲಾಡ್ಜಿನವರ, ಆಸ್ಪತ್ರೆಯವರ ಹಾಸುಬಟ್ಟೆಯನ್ನೆಲ್ಲ ನಾವು ತಾರಸಿಯ ಮೇಲೆ ಒಣಗಿಸುತ್ತೇವೆ. ಹಗ್ಗ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಏಕಾಏಕಿ ಮಳೆ ಸುರಿದು ಇನ್ನೇನು ಒಣಗಿತು ಎನ್ನುವ ಬಟ್ಟೆಯೆಲ್ಲ ತೊಪ್ಪೆಯಾಯಿತು. ಯಜಮಾನರು ಮೇಲೆ ಬಂದು, "ಆಕಾಶ ನೋಡೋಕೆ ಕಣ್ಣಿಲ್ವೇನೇ ನಿಂಗೆ?" ಎಂದರು. "ಕಣ್ಣಿದೆ, ಓದೋಕೆ ಬರಲ್ಲ" ಎಂದೆ. ನಿಜ ತಾನೆ. ಅವರು ಅದನ್ನು ಎದುರುತ್ತರ ಎಂದುಕೊಂಡರು.

ಮರುದಿನ ಲೈಬ್ರರಿಗೆ ಹೋದೆ. ಅಲ್ಲಿನ ಮೇಡಂ ನನ್ನನ್ನು ನೋಡಿದ ಕೂಡಲೇ "ಹತ್ತನೇ ಕ್ಲಾಸಿನ ಗೈಡಾ? ಆ ಕಡೆ ಇದೆ" ಎಂದರು. "ಅಲ್ಲ, ಮೋಡದ್ದು ಬೇಕು" ಎಂದೆ. ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಮೂಲೆಯಿಂದ ಒಂದನ್ನು ಹುಡುಕಿ, ಧೂಳು ಹೊಡೆದು ಕೊಟ್ಟರು. ಈಗ ನನಗೆ ಒಂದಿಷ್ಟು ಗೊತ್ತು. ಹೂಕೋಸಿನ ಹಾಗಿರುವ ಮೋಡ ಅಗಲವಾಗುತ್ತಿದ್ದರೆ ಪರವಾಗಿಲ್ಲ, ಎತ್ತರವಾಗುತ್ತಿದ್ದರೆ ಬಟ್ಟೆ ತೆಗೆಯಬೇಕು. ನಾನು ಹೇಳಿದ್ದು ಸುಮಾರು ಸಲ ಸರಿಯಾಗುತ್ತದೆ. ತಪ್ಪಿದ ದಿನವನ್ನು ಯಜಮಾನರು ಬೀದಿಗೆಲ್ಲ ಹೇಳುತ್ತಾರೆ.

ಮೋಡದ ಪುಸ್ತಕದ ಪಕ್ಕದಲ್ಲೇ ಭೂಮಿ ಬಿಸಿಯಾಗುವುದರ ಬಗ್ಗೆ, ಸಮುದ್ರದ ಬಗ್ಗೆ ಇನ್ನೂ ಕೆಲವು ಪುಸ್ತಕಗಳಿದ್ದವು. ಒಂದೊಂದಾಗಿ ತರುತ್ತಿದ್ದೇನೆ. ನಾನು ಓದುವ ರೀತಿ ನಿನಗೆ ಗೊತ್ತಲ್ಲ, ಪಾದರಸ ಎಂದು ಕರೆದವಳೇ ನೀನು, ಕೂತು ಓದಲು ಆಗುವುದಿಲ್ಲ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಜೋರಾಗಿ ಓದುತ್ತೇನೆ. ಚೋಟು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ನಾನು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಾ ಕೇಳುತ್ತಾಳೆ. "ಅವಳ ಕತ್ತು ಉಳುಕಿಸಬೇಡ" ಎನ್ನುತ್ತಾಳೆ ಅಜ್ಜಿ.

ಯಾವಾಗ ಬರುತ್ತೀಯ?

ನಿನ್ನ ಪಾದರಸ

*

23 ಜೂನ್

ಮಗಳೇ,

ಕಾಗದ ಸಿಕ್ಕಿತು. ಪ್ಲಾಂಟಿನ ವಾಚ್‌ಮನ್ ತಂದು ಕೊಟ್ಟ. ಈ ಕಾಲದಲ್ಲಿ ಕಾಗದ ಬಂದರೆ ಕೆಟ್ಟ ಸುದ್ದಿಯೇ ಇರಬೇಕು ಎಂದುಕೊಂಡೆ. ಓದಿ ನಗು ಬಂತು.

ನೀನು ಓದುತ್ತಿರುವುದು ಸಂತೋಷ. ಆ ಲೈಬ್ರರಿ ಮೇಡಂ ಹೇಳಿದ ಗೈಡನ್ನೂ ಒಮ್ಮೆ ತೆಗೆದು ನೋಡು. ಈಗಲೂ ಪರೀಕ್ಷೆಗೆ ಕೂರಬಹುದಂತೆ. ನಾನು ಒತ್ತಾಯ ಮಾಡುತ್ತಿಲ್ಲ.

ಚೋಟುವಿನ ಮುಂದೆ ಏನೇನೋ ಓದಬೇಡ. ಮೂರನೇ ಕ್ಲಾಸಿನ ಮಗು ಅವಳು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮಳೆಗಾಲದಲ್ಲಿ ದೊಡ್ಡ ದೋಣಿ ಇಳಿಯದಿದ್ದರೂ ಚಿಕ್ಕ ದೋಣಿಗಳಿಗೆ ಐಸ್ ತುಂಬುವ ಕೆಲಸ ಇದ್ದದ್ದೇ. ಈ ಮೀನಿನ ಸೀಸನ್ ಮುಗಿದರೆ ಬರುತ್ತೇನೆ.

ಅಮ್ಮ

*

8 ಜುಲೈ

ಅಮ್ಮ,

ನೀನು ಬೇಡ ಎಂದು ಬರೆಯುವ ಮೊದಲೇ ನಾನು ಓದಿಯಾಗಿತ್ತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸಮುದ್ರದ ಪುಸ್ತಕದ ಕೊನೆಯಲ್ಲಿ ಒಂದು ದೊಡ್ಡ ನಕ್ಷೆ ಇದೆ, ಮಡಚಿದ್ದು. ಸಮುದ್ರ ಏರಿದರೆ ಮುಳುಗುವ ಜಾಗಕ್ಕೆಲ್ಲ ಕೆಂಪು ಬಣ್ಣ. ಚೋಟು ಅದನ್ನು ನೆಲದ ಮೇಲೆ ಹರಡಿಕೊಂಡು ನೀನಿರುವ ಊರನ್ನು ಹುಡುಕಿದಳು. ಸಿಕ್ಕಿತು. ಕೆಂಪಿನ ನಟ್ಟನಡುವೆ.

"ಅಮ್ಮ ಇರೋ ಊರು ಮುಳುಗುತ್ತಾ ಅಕ್ಕ?"

"ಒಂದು ದಿನ ಮುಳುಗಬಹುದು."

ಇಷ್ಟೇ ನಾನು ಹೇಳಿದ್ದು. ಪುಸ್ತಕದಲ್ಲಿ ಇದ್ದದ್ದೇ ಅದು. ಅವಳು ಅಳಲಿಲ್ಲ. ನಕ್ಷೆಯನ್ನು ಅದರ ಮಡಿಕೆಯಂತೆಯೇ ಮಡಚಿ ಇಟ್ಟಳು. ಮುಗಿಯಿತು ಎಂದುಕೊಂಡೆ.

ಆಮೇಲೆ ಮಳೆ ಶುರುವಾಯಿತು. ನಾನು ಕೆಲಸದಿಂದ ಬಂದರೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬಕೆಟ್ಟು, ಪಾತ್ರೆ, ಅಜ್ಜಿಯ ಔಷಧಿ ಲೋಟ, ನಿನ್ನ ಹಳೆಯ ಟಿಫಿನ್ ಡಬ್ಬಿಯ ನಾಲ್ಕೂ ಅಂತಸ್ತು, ಎಲ್ಲದರಲ್ಲೂ ಮಳೆನೀರು. ಚೋಟು ತಾರಸಿಯ ಕೊಳವೆಯ ಬುಡದಲ್ಲಿ ಒದ್ದೆಯಾಗಿ ನಿಂತಿದ್ದಳು. ಒಂದು ತುಂಬಿದರೆ ಒಳಗೆ ಇಟ್ಟು ಇನ್ನೊಂದನ್ನು ಒಡ್ಡುತ್ತಿದ್ದಳು.

ಕೇಳಿದ್ದಕ್ಕೆ ಹೇಳಿದಳು. ಚರಂಡಿ ನೀರು ಹೊಳೆಗೆ ಹೋಗುತ್ತದೆ, ಹೊಳೆ ಸಮುದ್ರಕ್ಕೆ ಹೋಗುತ್ತದೆ, ಸಮುದ್ರ ಅಮ್ಮನ ಊರಿಗೆ ಹೋಗುತ್ತದೆ. ಅದಕ್ಕೆ ಇಲ್ಲೇ ಹಿಡಿದಿಟ್ಟುಕೊಳ್ಳಬೇಕು.

ಅಜ್ಜಿ ಒಂದು ಬಕೆಟ್ ಚೆಲ್ಲಲು ಹೋದಾಗ ಚೋಟು ಅವಳ ಕೈ ಕಚ್ಚಿದ್ದಾಳೆ. "ಹಲ್ಲು ಬಿದ್ದಿರೋ ಕಡೆಯಿಂದ ಕಚ್ಚಿದ್ದಕ್ಕೆ ಬಚಾವಾದೆ" ಎನ್ನುತ್ತಾಳೆ ಅಜ್ಜಿ. ಈಗ ಮೋಡ ಕವಿದರೆ ಸಾಕು, ಚೋಟು ಶಾಲೆಗೆ ಹೋಗುವುದಿಲ್ಲ. ಶಾಲೆಯಲ್ಲಿದ್ದಾಗ ಮಳೆ ಬಂದರೆ ಇಲ್ಲಿ ಹಿಡಿಯುವವರು ಯಾರು ಎಂದು ಕೇಳುತ್ತಾಳೆ.

ಪಾದರಸ

*

16 ಜುಲೈ

ಮಗಳೇ,

ನಿನಗೆ ಬುದ್ಧಿ ಯಾವಾಗ ಬರುತ್ತದೆ? ಮಗು ಕೇಳಿದ್ದಕ್ಕೆಲ್ಲ ಪುಸ್ತಕ ನೋಡಿ ಉತ್ತರ ಹೇಳುತ್ತಾರೆಯೇ? "ಇಲ್ಲ ಕಣೆ, ಏನೂ ಆಗಲ್ಲ" ಎಂದು ಒಂದು ಮಾತು ಹೇಳಿ ಮಲಗಿಸಿದ್ದರೆ ಮುಗಿಯುತ್ತಿತ್ತು. ನಿಮ್ಮಪ್ಪ ಹಾಸಿಗೆ ಹಿಡಿದಿದ್ದಾಗಲೂ ನೀನು ಹೀಗೇ. ಬಂದವರ ಮುಂದೆಲ್ಲ ಡಾಕ್ಟರು ಹೇಳಿದ್ದನ್ನು ಹೇಳಿಬಿಡುತ್ತಿದ್ದೆ.

ಆ ಪುಸ್ತಕವನ್ನು ವಾಪಸ್ ಕೊಡು. ಅದರಲ್ಲಿರುವುದೆಲ್ಲ ಸುಳ್ಳು, ಮೇಡಂ ಬೈದರು ಎಂದು ಚೋಟುವಿಗೆ ಹೇಳು. ಒಂದು ಸುಳ್ಳಿನಿಂದ ನಿನ್ನ ಗಂಟೇನೂ ಹೋಗುವುದಿಲ್ಲ.

ಅವಳ ಶಾಲೆ ತಪ್ಪಬಾರದು. ಶಾಲೆ ತಪ್ಪಿದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಅಮ್ಮ

*

25 ಜುಲೈ

ಅಮ್ಮ,

ಹೇಳಬೇಕಾಗಿಲ್ಲ. ನನಗೆ ಗೊತ್ತು.

ನಾನು ಸುಳ್ಳು ಹೇಳುವುದಿಲ್ಲ. ಹಟ ಎನ್ನು, ಕೊಬ್ಬು ಎನ್ನು. ಅಪ್ಪ ಕೇಳಿದಾಗ ನೀವೆಲ್ಲ "ಬರೀ ಜ್ವರ" ಎನ್ನುತ್ತಿದ್ದಿರಿ. ಅವನು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ" ಎನ್ನುತ್ತಿದ್ದ. ಅದನ್ನು ನೀನು ಮರೆತಿರಬಹುದು.

ಆದರೆ ಸುಮ್ಮನೆ ಕೂತಿಲ್ಲ. ಮೋಡದ ಪುಸ್ತಕವನ್ನು ಮತ್ತೆ ತಂದು ಚೋಟುವಿಗೆ ತೋರಿಸಿದೆ. ಮಳೆಯ ನೀರು ಸಮುದ್ರದಿಂದಲೇ ಎದ್ದು ಬಂದದ್ದು, ತಿರುಗಿ ಅಲ್ಲಿಗೇ ಹೋಗುತ್ತದೆ, ಅದರಿಂದ ಸಮುದ್ರ ಏರುವುದಿಲ್ಲ, ನಿನ್ನ ಬಕೆಟ್ಟಿನಿಂದ ಇಳಿಯುವುದೂ ಇಲ್ಲ ಎಂದೆ. ಕೇಳಿದಳು. ಯೋಚನೆ ಮಾಡಿದಳು.

"ಮತ್ತೆ ಯಾವುದರಿಂದ ಏರುತ್ತೆ?"

ನೆಲದ ಮೇಲಿರುವ ಮಂಜುಗಡ್ಡೆ ಕರಗಿ ಏರುತ್ತದೆ, ನೀರು ಬಿಸಿಯಾದರೆ ಉಬ್ಬಿ ಏರುತ್ತದೆ ಎಂದೆ. ಅವಳ ಮುಖ ಅರಳಿತು.

"ಅಮ್ಮ ಐಸ್ ಮಾಡ್ತಾಳಲ್ಲ. ಸಮುದ್ರಕ್ಕೆ ಹಾಕಿದ್ರೆ ಸರಿಹೋಗಲ್ವಾ?"

ನಾನು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಐಸ್ ಮಾಡುವ ಮಷೀನು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದೆ, ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ ಎಂದುಬಿಟ್ಟೆ. "ಅಂದ್ರೆ ಅಮ್ಮಾನೇ ಬಿಸಿ ಮಾಡ್ತಿದ್ದಾಳಾ?" ಎಂದಳು. ಅಜ್ಜಿ ಒಳಗಿಂದ ಸೌಟು ಹಿಡಿದುಕೊಂಡೇ ಬಂದಳು. "ಇನ್ನೊಂದು ಮಾತಾಡಿದ್ರೆ ನಿನಗೆ ಬಿಸಿ ಮುಟ್ಟಿಸ್ತೀನಿ" ಎಂದಳು, ನನಗೆ.

ಬಕೆಟ್ಟುಗಳು ಹಾಗೇ ಇವೆ. ಸೊಳ್ಳೆಮರಿ ಆಗುತ್ತವೆ ಎಂದು ಅಜ್ಜಿ ಹಳೆಯ ಸೀರೆ ಹರಿದು ಎಲ್ಲದಕ್ಕೂ ಬಾಯಿ ಕಟ್ಟಿದ್ದಾಳೆ. ಬೈಯುತ್ತಲೇ ಕಟ್ಟಿದ್ದಾಳೆ. ಚೋಟುವಿನ ಟೀಚರು ಮನೆಗೆ ಬಂದಿದ್ದರು. ಹೀಗೇ ಗೈರುಹಾಜರಾದರೆ ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದಂತೆ. ಆಮೇಲೆ ನನ್ನನ್ನು ಒಮ್ಮೆ ನೋಡಿದರು. ಅವರೇ ನನಗೂ ಮೂರನೇ ಕ್ಲಾಸಿನ ಟೀಚರು.

ಅಮ್ಮ, ನನಗೂ ಒಂದು ಕಡೆ ನಿಲ್ಲಲು ಆಗುತ್ತಿಲ್ಲ. ತಾರಸಿಯ ಮೇಲೆ ಹಗ್ಗದಿಂದ ಹಗ್ಗಕ್ಕೆ ಓಡಾಡುತ್ತೇನೆ. ನೀನು ಬಂದು ಅವಳ ಮುಂದೆ ನಿಂತರೆ ಇದೆಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಸೀಸನ್ ಮುಗಿದರೆ ಬರುತ್ತೇನೆ ಎಂದು ನೀನು ಹೋದ ಸೀಸನ್ನಿನಲ್ಲೂ ಹೇಳಿದ್ದೆ. ಅದರ ಹಿಂದಿನದರಲ್ಲೂ ಹೇಳಿದ್ದೆ.

ಬರುತ್ತೀಯೋ ಇಲ್ಲವೋ?

ಪಾದರಸ

*

5 ಆಗಸ್ಟ್

ಮಗಳೇ,

ನಿನ್ನ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಐಸಿನ ತೇವಕ್ಕೆ ಅಕ್ಷರ ಕದಡಿದೆ. ಆದರೆ ಓದಿದ್ದೇನೆ.

ಮಷೀನಿನ ಬಗ್ಗೆ ನೀನು ಹೇಳಿದ್ದು ನಿಜ. ಪ್ಲಾಂಟಿನ ಹಿಂದಿನ ಗೋಡೆಯ ಹತ್ತಿರ ಬಿಸಿಗಾಳಿ ಹೊಡೆಯುತ್ತದೆ. ನಾವೆಲ್ಲ ನಮ್ಮ ಒದ್ದೆ ಬಟ್ಟೆಯನ್ನು ಅಲ್ಲೇ ಒಣಗಿಸುವುದು.

ಒಂದು ಮಾತು ಕೇಳುತ್ತೇನೆ. ಮುಳುಗುತ್ತದೆ ಎಂದರೆ ಎಷ್ಟು? ಯಾವಾಗ? ಇಲ್ಲಿ ಒಂದು ದೋಣಿ ಐಸ್ ಬೇಕು ಎಂದರೆ ಎಷ್ಟು ಬೇಕು, ಎಷ್ಟು ಹೊತ್ತಿಗೆ ಬೇಕು ಎಂದು ಕೇಳದೆ ನಾವು ಸಲಿಕೆ ಮುಟ್ಟುವುದಿಲ್ಲ. ನಿನ್ನ ಪುಸ್ತಕ ಬರೆದವರು ಅಷ್ಟೂ ಬರೆಯದೆ ಇರುತ್ತಾರೆಯೇ? ನೀನು ಚಿಕ್ಕವಳಿದ್ದಾಗಿನಿಂದ ಎಲ್ಲ ಪುಸ್ತಕದ ಮೊದಲು ಮತ್ತು ಕೊನೆ ಓದುವವಳು. ನಡುವೆ ಏನಿದೆ ಎಂದು ನೋಡಿದ್ದೀಯಾ?

ಅಮ್ಮ

*

17 ಆಗಸ್ಟ್

ಅಮ್ಮ,

ನೋಡಿರಲಿಲ್ಲ.

ನಿನ್ನ ಕಾಗದ ಬಂದ ದಿನ ತುಂಬಾ ಸಿಟ್ಟು ಬಂತು. ಕೇಳಿದ್ದಕ್ಕೆ ಉತ್ತರ ಕೊಡದೆ ನನಗೇ ತಿರುಗಿಸಿ ಹಾಕಿದೆಯಲ್ಲ ಎಂದು. ಆಮೇಲೆ ಪುಸ್ತಕ ತೆಗೆದೆ. ನಡುವಿನ ಅಧ್ಯಾಯಗಳಲ್ಲಿ ಬರೀ ಕೋಷ್ಟಕ, ಗೆರೆಚಿತ್ರ. ಶಾಲೆಯಲ್ಲಿ ಇಂಥ ಪುಟ ಬಂದಾಗಲೇ ನಾನು ಕಿಟಕಿಯ ಹೊರಗೆ ನೋಡಲು ಶುರು ಮಾಡುತ್ತಿದ್ದೆ. ಎರಡು ಪುಟ ಆಗುವಷ್ಟರಲ್ಲಿ ಕಾಲು ತುರಿಸಲು ಶುರುವಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಚಿಕ್ಕಪ್ಪನಿಗೆ ಹೇಳಿದೆ. ನಮ್ಮ ಚಿಕ್ಕಪ್ಪ ಅಲ್ಲ, ಅಲ್ಲಿ ಎಲ್ಲರೂ ಹಾಗೆ ಕರೆಯುವುದು. ಅವರು ಮಧ್ಯಾಹ್ನ ಬಟ್ಟೆ ಒಣಗುವ ಹೊತ್ತಿನಲ್ಲಿ ನನ್ನನ್ನು ಒಂದು ಮೂಟೆಯ ಮೇಲೆ ಕೂರಿಸಿ, "ಆ ಪುಟ ಮುಗಿಯೋ ತನಕ ಎದ್ದರೆ ಇಸ್ತ್ರಿ ಪೆಟ್ಟಿಗೆ ಬರುತ್ತೆ ನೋಡು" ಎಂದರು. ಹಾಗೆ ಓದಿದೆ. ದಿನಕ್ಕೆ ಸ್ವಲ್ಪ. ಅರ್ಥವಾಗದ್ದನ್ನು ಲೈಬ್ರರಿ ಮೇಡಂ ಹತ್ತಿರ ಕೇಳಿದೆ. ಕೆಲವು ಅವರಿಗೂ ಅರ್ಥವಾಗಲಿಲ್ಲ, ಇಬ್ಬರೂ ಕೂತು ಬಿಡಿಸಿದೆವು.

ಆ ನಕ್ಷೆಯ ಕೆಂಪು, ಲೋಕದ ಮಂಜುಗಡ್ಡೆಯೆಲ್ಲ ಕರಗಿಹೋದರೆ ಆಗುವ ಕೆಂಪು. ಅಷ್ಟೂ ಕರಗಲು ಸಾವಿರಾರು ವರ್ಷ ಬೇಕು. ಇದು ನಡುವಿನ ಒಂದು ಪುಟದಲ್ಲಿ ಸ್ಪಷ್ಟವಾಗಿದೆ. ಕಳೆದ ನೂರು ವರ್ಷದಲ್ಲಿ ಸಮುದ್ರ ಏರಿದ್ದು ಸುಮಾರು ಒಂದು ಗೇಣು. ಚೋಟು ಮುದುಕಿಯಾಗುವ ಹೊತ್ತಿಗೆ ಇನ್ನೊಂದು ಮೊಳ ಏರಬಹುದು. ಎಲ್ಲರೂ ಹೀಗೇ ಉರಿಸುತ್ತಾ ಹೋದರೆ ಎರಡು ಮೊಳದ ಹತ್ತಿರ ಹೋಗಬಹುದು, ಉರಿಸುವುದನ್ನು ಕಡಿಮೆ ಮಾಡಿದರೆ ಕಡಿಮೆ. ಇಷ್ಟೇ ಎಂದು ಗೆರೆ ಎಳೆದು ಯಾರೂ ಹೇಳಿಲ್ಲ.

ಹಾಗಾದರೆ ನಾನು ಚೋಟುವಿಗೆ ಹೇಳಿದ್ದು ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಅದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ. ಮೂಟೆಯ ಮೇಲಿಂದ ಎದ್ದು ಹೋಗಿ ಹಗ್ಗದ ಬಟ್ಟೆಯನ್ನೆಲ್ಲ ತೆಗೆದುಬಿಟ್ಟೆ, ಇನ್ನೂ ಹಸಿಯಿದ್ದವನ್ನೂ. ಯಜಮಾನರು ಆಕಾಶ ನೋಡಿದರು, ನನ್ನನ್ನು ನೋಡಿದರು, ಕೆಳಗೆ ಹೋದರು.

ಸಂಜೆ ಚೋಟುವನ್ನು ಕೂರಿಸಿ, ನಾನೂ ಕೂತು, ಗೇಣು ಮೊಳವನ್ನೆಲ್ಲ ಗೋಡೆಯ ಮೇಲೆ ಗುರುತು ಹಾಕಿ ಹೇಳಿದೆ. ನಾನು ಅರ್ಧ ಓದಿ ಹೇಳಿದ್ದೆ ಎಂದೂ ಹೇಳಿದೆ. ಅವಳು ಗೋಡೆಯನ್ನೇ ನೋಡುತ್ತಾ, "ಇವತ್ತು ಅಮ್ಮನ ಹತ್ರ ಎಲ್ಲಿ ತನಕ ಇದೆ?" ಎಂದಳು.

ಅದು ನನ್ನ ಯಾವ ಪುಸ್ತಕದಲ್ಲೂ ಇಲ್ಲ. "ಅಮ್ಮನ್ನೇ ಕೇಳು" ಎಂದೆ. ಅವಳೇ ಬರೆದ ಚೀಟಿ ಇದರ ಜೊತೆ ಇಟ್ಟಿದ್ದೇನೆ. ತಿದ್ದಿಲ್ಲ.

ನಾನು ನಡುವಿನ ಪುಟ ಬಿಡುತ್ತೇನೆ ಎಂದೆಯಲ್ಲ. ನಿನ್ನ ಕಾಗದಗಳನ್ನು ತಿರುಗಿಸಿ ನೋಡಿದೆ ಅಮ್ಮ. "ಚೆನ್ನಾಗಿದ್ದೇನೆ" ಎಂದು ಇದೆ. "ಬರುತ್ತೇನೆ" ಎಂದು ಇದೆ. ನಡುವಿನದು ಇಲ್ಲ.

ಪಾದರಸ

*

ಅಮ್ಮ

ನೀರು ಎಲ್ಲಿ ತನಕ ಬಂದಿದೆ. ಅಕ್ಕನಿಗೆ ಗೊತ್ತಿಲ್ಲವಂತೆ. ನಿಜ ಹೇಳು.

ಚೋಟು

*

30 ಆಗಸ್ಟ್

ಚೋಟು ಮರಿಗೆ, ಅಕ್ಕನಿಗೂ,

ಇದನ್ನು ಅಕ್ಕ ಜೋರಾಗಿ ಓದಲಿ. ಅಜ್ಜಿಯೂ ಕೇಳಲಿ.

ಚೋಟು, ನೀರು ಪಾದದ ಗಂಟಿನ ತನಕ ಬರುತ್ತದೆ. ದಿನಾ ಅಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಉಬ್ಬರ ಜೋರಾಗಿದ್ದಾಗ, ಗಾಳಿಯೂ ಸೇರಿಕೊಂಡರೆ, ಪ್ಲಾಂಟಿನ ಅಂಗಳಕ್ಕೆ ಬರುತ್ತದೆ. ಸ್ವಲ್ಪ ಹೊತ್ತು ಇದ್ದು ಹೋಗುತ್ತದೆ. ಹಳಬರು ಹೇಳುವ ಪ್ರಕಾರ ಅವರು ಕೆಲಸಕ್ಕೆ ಸೇರಿದಾಗ ಹೀಗೆ ಬರುತ್ತಿರಲಿಲ್ಲ. ನಾನು ಸೇರಿದ ಮೇಲೆ ಹಲವು ಸಲ ಬಂದಿದೆ. ನಾವು ಗಮ್‌ಬೂಟು ಹಾಕಿಕೊಂಡು ಕೆಲಸ ಮಾಡುತ್ತೇವೆ. ಮೋಟರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದೇವೆ. ಹೋದ ಸಲ ನೀರಿನ ಜೊತೆ ಒಂದು ಏಡಿ ಬಂದು ಮ್ಯಾನೇಜರ ಕುರ್ಚಿಯ ಕೆಳಗೆ ಕೂತಿತ್ತು. ಅವರು ಕಾಲು ಮೇಲಕ್ಕೆ ಎತ್ತಿಕೊಂಡೇ ಅರ್ಧ ದಿನ ಸಹಿ ಹಾಕಿದರು.

ನಾನು ಮಲಗುವ ಕೋಣೆ ಮೊದಲನೇ ಮಹಡಿಯಲ್ಲಿದೆ. ಅಲ್ಲಿಗೆ ನೀರು ಬಂದಿಲ್ಲ. ದೊಡ್ಡ ಗಾಳಿ ಬರುತ್ತದೆ ಎಂದರೆ ಮೊದಲೇ ಹೇಳುತ್ತಾರೆ, ನಾವು ಗುಡ್ಡದ ಮೇಲಿನ ಶಾಲೆಗೆ ಹೋಗುತ್ತೇವೆ. ಒಂದು ಸಲ ಹೋಗಿದ್ದೆವು. ನಿಮಗೆ ಹೇಳಿರಲಿಲ್ಲ.

ಇನ್ನು ದೊಡ್ಡವಳಿಗೆ. ನೀನು ಕೇಳಿದ್ದಕ್ಕೆ.

ಸೀಸನ್ ಮುಗಿದರೂ ನಾನು ಬರುವುದಿಲ್ಲ. ಹೋದ ವರ್ಷವೇ ನನ್ನನ್ನು ಶಿಫ್ಟಿನ ಮುಖ್ಯಸ್ಥೆ ಮಾಡಿದರು. ಬೆಳಗಿನ ಶಿಫ್ಟಿನಲ್ಲಿ ಯಾವ ದೋಣಿಗೆ ಮೊದಲು ಐಸ್ ಎಂದು ನಾನು ಹೇಳಿದ್ದೇ ಮಾತು. ದೋಣಿಯವರು ಜಗಳಕ್ಕೆ ಬರುತ್ತಾರೆ, ನಾನೂ ಬಿಡುವುದಿಲ್ಲ. ಇಲ್ಲಿ ಯಾರೂ ನನ್ನನ್ನು ಪಾಪ ಎಂದು ನೋಡುವುದಿಲ್ಲ. ನಿಮ್ಮಪ್ಪ ಹೋದ ಮೇಲೆ ನಮ್ಮ ಬೀದಿಯಲ್ಲಿ ನಾನು ಹಾಲು ತರಲು ಹೋದರೂ ಮಾತು ನಿಲ್ಲುತ್ತಿತ್ತು. ಅಲ್ಲಿಗೆ ವಾಪಸ್ ಬರಲು ಮನಸ್ಸಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ದಿನ ಹಿಡಿಯಿತು. ಬರುವುದಿಲ್ಲ ಎಂದರೆ ನೀವು ಬೇಡ ಎಂದು ಅರ್ಥ ಮಾಡಿಕೊಂಡುಬಿಡುತ್ತೀರಿ ಎಂದು ಹೆದರಿ ಬರುತ್ತೇನೆ, ಬರುತ್ತೇನೆ ಎನ್ನುತ್ತಿದ್ದೆ.

ನೀವು ಇಲ್ಲಿಗೆ ಬನ್ನಿ. ಮೊದಲೇ ಕರೆಯಬೇಕಿತ್ತು, ಅಂಗಳದ ನೀರಿನ ವಿಷಯ ಹೇಳಬೇಕಾಗುತ್ತದಲ್ಲ ಎಂದು ಕರೆದಿರಲಿಲ್ಲ. ಈಗ ಹೇಳಿದ್ದೇನೆ. ನೋಡಿ, ನಿಮಗೆ ಸರಿ ಎನ್ನಿಸಿದರೆ ಬನ್ನಿ.

ಅಮ್ಮ

*

14 ಸೆಪ್ಟೆಂಬರ್

ಅಮ್ಮ,

ಜೋರಾಗಿ ಓದಿದೆ. ನಿಂತುಕೊಂಡೇ ಓದಿದೆ, ನಡೆಯಲಿಲ್ಲ. "ಬರುವುದಿಲ್ಲ" ಎಂಬಲ್ಲಿ ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ನಾನು ನಿಲ್ಲಿಸಿದ್ದಕ್ಕೆ ಅಲ್ಲಿಂದಲೇ, "ಓದು, ಕಿವಿ ಇಲ್ಲೇ ಇದೆ" ಎಂದಳು. ಮುಗಿದ ಮೇಲೆ ಬಂದು, "ಇಷ್ಟು ದಿನ ಇದನ್ನ ಹೊಟ್ಟೆಯಲ್ಲಿ ಇಟ್ಕೊಂಡು ಹೇಗೆ ಊಟ ಮಾಡಿದ್ಲೋ" ಎಂದಳು. ಬೈದದ್ದಲ್ಲ.

ಚೋಟು ಎದ್ದು ಹೋದಳು. ಬಟ್ಟೆ ನೆನೆಸುವ ದೊಡ್ಡ ಟಬ್ಬನ್ನು ಬಚ್ಚಲಿಂದ ಎಳೆದು ತಂದಳು. ತಾನು ಕಾಪಾಡಿಕೊಂಡು ಬಂದ ಬಕೆಟ್ಟು, ಪಾತ್ರೆ, ಡಬ್ಬಿಯ ನೀರನ್ನೆಲ್ಲ ಒಂದೊಂದಾಗಿ ಅದಕ್ಕೆ ಸುರಿದಳು. ನಾವು ಯಾರೂ ಕೈ ಹಾಕಲಿಲ್ಲ. ಆಮೇಲೆ ಒಳಗೆ ಇಳಿದಳು. ನೀರು ಮಂಡಿಯ ಹತ್ತಿರ ಬಂತು. ಬಗ್ಗಿ ನೋಡಿ, ಲೋಟದಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿ, ಪಾದದ ಗಂಟಿಗೆ ತಂದು ನಿಲ್ಲಿಸಿದಳು. ಒಂದು ಕಾಲು ಎತ್ತಿ ಇಟ್ಟಳು. ಇನ್ನೊಂದು ಎತ್ತಿ ಇಟ್ಟಳು.

"ಅಮ್ಮ ಇಷ್ಟರಲ್ಲಿ ಕೆಲಸ ಮಾಡ್ತಾಳಾ?"

"ಹೂಂ."

"ಇದರಲ್ಲಿ ನಡೀಬಹುದು ಅಕ್ಕ."

ಮರುದಿನವೂ ಮಳೆ ಇತ್ತು. ಶಾಲೆಗೆ ಹೋದಳು. ನಮ್ಮ ಬೀದಿಯಲ್ಲೂ ಪಾದ ಮುಳುಗುವಷ್ಟು ನೀರು ನಿಂತಿತ್ತು. ಬದಿಯಲ್ಲಿ ಹೋಗು ಎಂದರೆ ಕೇಳಲಿಲ್ಲ, ನಡುವಿನಲ್ಲೇ ಹೋದಳು. ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಕೊಳವೆಯ ಬುಡದಲ್ಲಿ ಒಂದು ಲೋಟ ಮಾತ್ರ ಇಡುತ್ತಾಳೆ. ಯಾಕೆ ಎಂದರೆ "ಇರಲಿ" ಎನ್ನುತ್ತಾಳೆ. ಹೆದರಿಕೆ ಪೂರ್ತಿ ಹೋಗಿದೆ ಎಂದು ನಾನು ಬರೆಯುವುದಿಲ್ಲ. ನನ್ನದೂ ಹೋಗಿಲ್ಲ.

ಬರುವ ವಿಷಯ. ಪುಸ್ತಕದ ಪ್ರಕಾರ ನಿಮ್ಮೂರಿಗೆ ಬರುವುದು ಜಾಣತನ ಅಲ್ಲ. ನಾನು ಅದನ್ನು ಬಚ್ಚಿಡುವುದಿಲ್ಲ, ಚೋಟುವಿಗೂ ಹೇಳಿದ್ದೇನೆ. ಇಲ್ಲೇ ಇದ್ದರೂ ಜಾಣತನ ಅಲ್ಲ ಎಂದು ನನ್ನ ಕಾಲು ಹೇಳುತ್ತದೆ, ಆದರೆ ನನ್ನ ಕಾಲಿನ ಮಾತು ನಿನಗೆ ಗೊತ್ತಲ್ಲ. ಅದಕ್ಕೆ ಹೀಗೆ ಯೋಚಿಸಿದ್ದೇವೆ. ಪರೀಕ್ಷೆ ಮುಗಿಸಿಕೊಂಡು ರಜೆಯಲ್ಲಿ ಬಂದು ನೋಡುತ್ತೇವೆ. ಚೋಟು ಮೂರನೇ ಕ್ಲಾಸಿನದು ಬರೆಯುತ್ತಾಳೆ. ನಾನು ಹತ್ತನೆಯದಕ್ಕೆ ಅರ್ಜಿ ಹಾಕಿದ್ದೇನೆ, ಸಂತೋಷಪಡಬೇಡ, ಮೂಟೆಯ ಮೇಲೆ ಎಷ್ಟು ದಿನ ಕೂರುತ್ತೇನೋ ಗೊತ್ತಿಲ್ಲ. ಬಂದಾಗ ಅಂಗಳ, ಮಹಡಿ, ಗುಡ್ಡದ ಮೇಲಿನ ಶಾಲೆ ಎಲ್ಲ ತೋರಿಸು. ಇರುವುದೋ ಬಿಡುವುದೋ ಆಗ ಅಲ್ಲೇ ಹೇಳುತ್ತೇವೆ, ನಿನ್ನ ಮುಖಕ್ಕೇ.

ಗಮ್‌ಬೂಟಿಗೆ ಅಳತೆ ಬೇಕಾಗುತ್ತದೆ. ಇದರ ಜೊತೆ ಇಟ್ಟಿರುವ ಕಾಗದಗಳ ಮೇಲೆ ಪೆನ್ಸಿಲ್ಲಿನಲ್ಲಿ ಪಾದದ ಸುತ್ತ ಗೆರೆ ಎಳೆದಿದ್ದೇವೆ. ಚಿಕ್ಕದು ಚೋಟುವಿನದು. ಅವಳಿಗೆ ಒಂದು ಅಂಗುಲ ದೊಡ್ಡದನ್ನೇ ತೆಗೆದುಕೋ, ಬೆಳೆಯುತ್ತಿದ್ದಾಳೆ. ಗೆರೆ ಅಂಕುಡೊಂಕಾಗಿರುವುದು ನನ್ನದು, ಕಾಲು ಅಲುಗಿತು.

ಮೂರನೆಯದು ಅಜ್ಜಿಯದು. ತಾನು ಎಲ್ಲಿಗೂ ಬರುವುದಿಲ್ಲವಂತೆ. ಹಾಗೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಪಾದರಸ